ಮಾತ್ರೆ ಮುಟ್ಟದ ಮೇಷ್ಟ್ರು

“ಯಾವ ಮಾತ್ರೆ ತಗೋತಿದ್ರಿ?” ಡಾಕ್ಟರಮ್ಮ ಮತ್ತೆ ಕೇಳಿದರು.

“ಯಾವುದೂ ಇಲ್ಲ.” ವ್ಯಾಯಾಮದ ಮೇಷ್ಟ್ರು ದಿಂಬಿಗೆ ಒರಗಿದ್ದರೂ ಗತ್ತು ಬಿಟ್ಟಿರಲಿಲ್ಲ. “ಬೇಕಾದ್ರೆ ನನ್ನ ಶಿಷ್ಯರನ್ನ ಕೇಳಿ.”

ಮಂಚದ ಸುತ್ತ ನಿಂತಿದ್ದ ಶಿಷ್ಯರು ಒಟ್ಟಿಗೆ ತಲೆಯಾಡಿಸಿದರು. ಔಷಧಿ ಅಂದರೆ ಸೋಮಾರಿಗಳ ಊರುಗೋಲು ಅಂತ ದಿನಾ ಕೇಳಿ ಬೆಳೆದವರು.

ಹೆಂಡತಿ ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದಳು.

ಮೊದಲು ಸುಸ್ತು, ಆಮೇಲೆ ವಾಕರಿಕೆ. ಕೊನೆಗೆ ಮೂತ್ರವೇ ಕಡಿಮೆಯಾದಾಗ ಶಿಷ್ಯರು ಮೇಷ್ಟ್ರನ್ನು ಇಲ್ಲಿಗೆ ಎತ್ತಿಕೊಂಡು ಬಂದಿದ್ದರು. ಸೂಜಿ ಹಾಕಿ ತೆಗೆದ ಕಿಡ್ನಿಯ ಚೂರಿನ ವರದಿ ಈಗಷ್ಟೇ ಬಂದಿತ್ತು.

“ಕಿಡ್ನಿಗೆ ಉರಿಯೂತ. ಇಂಥದ್ದು ಹೆಚ್ಚಾಗಿ ಔಷಧಿಯಿಂದಲೇ ಬರೋದು. ನೋವಿನ ಮಾತ್ರೆಯೋ, ಆ್ಯಂಟಿಬಯಾಟಿಕ್ಕೋ, ಎದೆಯುರಿಯ ಮಾತ್ರೆಯೋ. ಅದನ್ನ ನಿಲ್ಲಿಸಿದ್ರೆ ಅರ್ಧ ಗೆದ್ದ ಹಾಗೆ, ಉಳಿದದ್ದಕ್ಕೆ ಕೆಲವು ವಾರ ಸ್ಟೀರಾಯ್ಡ್. ಅದೇ ಹೊಟ್ಟೆಗೆ ಹೋಗ್ತಾ ಇದ್ರೆ ಡಯಾಲಿಸಿಸ್ಸೇ ಗತಿ.”

“ಗಾಳಿ, ನೀರು, ಹಣ್ಣು,” ಎಂದರು ಮೇಷ್ಟ್ರು. “ಇಷ್ಟೇ ನನ್ನ ಹೊಟ್ಟೆಗೆ ಹೋಗೋದು.”

ಆ ಹಣ್ಣಿನ ಸಂಗತಿ ಹೆಂಡತಿಗೆ ಗೊತ್ತಿತ್ತು.

ಎದೆಯುರಿಯಿಂದ ರಾತ್ರಿಯೆಲ್ಲ ಹೊರಳಾಡುತ್ತಿದ್ದ ಗಂಡನನ್ನು ನೋಡಲಾರದೆ ಅವಳೇ ಅಂಗಡಿಯಿಂದ ಕ್ಯಾಪ್ಸೂಲ್ ತಂದಿದ್ದಳು. ಒಡೆದು, ಒಳಗಿನ ಬಿಳಿ ಕಾಳುಗಳನ್ನು ಸಂಜೆಯ ಬಾಳೆಹಣ್ಣಿನ ತಿರುಳಿಗೆ ಉದುರಿಸುತ್ತಿದ್ದಳು. ಮೇಷ್ಟ್ರು ಬಟ್ಟಲು ನೆಕ್ಕಿ ಇಡುತ್ತಿದ್ದರು. ಎದೆಯುರಿ ಇಳಿದ ಕೀರ್ತಿಯೆಲ್ಲ ಅವರ ಬೆಳಗಿನ ಧ್ಯಾನಕ್ಕೆ ಹೋಯಿತು. ಕೋಣೆಯ ಬಾಗಿಲು ಹಾಕಿಕೊಂಡು ಧ್ಯಾನ, ಅದಾಗಿ ಅರ್ಧ ಗಂಟೆ ಕಳೆದ ಮೇಲೇ ತಿಂಡಿ. ಆ ನಿಯಮ ಒಂದು ದಿನವೂ ತಪ್ಪಿದ್ದಿಲ್ಲ.

ಈಗ ಬಾಯಿಬಿಟ್ಟರೆ? ಹಿಂದೊಮ್ಮೆ ಅವರ ತಾಯಿ ಪಾನಕದಲ್ಲಿ ಜ್ವರದ ಔಷಧಿ ಬೆರೆಸಿ ಸಿಕ್ಕಿಬಿದ್ದಿದ್ದರು. ಹೆತ್ತ ತಾಯಿಯ ಕೈಯಡುಗೆಯನ್ನು ಮೇಷ್ಟ್ರು ಆಮೇಲೆ ಮುಟ್ಟಲೇ ಇಲ್ಲ. ಇನ್ನು ಹೆಂಡತಿ ಯಾವ ಲೆಕ್ಕ?

ಬಾಯಿಬಿಡದಿದ್ದರೆ? ಇವತ್ತು ನಿಲ್ಲಿಸಿಬಿಟ್ಟು ಸುಮ್ಮನಿರಬಹುದು. ಆದರೆ ನಾಳೆ ಇನ್ನೊಬ್ಬ ಡಾಕ್ಟರು ತಿಳಿಯದೆ ಅದನ್ನೇ ಕೊಟ್ಟರೆ?

ಅವಳು ಡಾಕ್ಟರಮ್ಮನ ಹಿಂದೆಯೇ ಹೊರಗೆ ಹೋಗಿ ಎಲ್ಲ ಹೇಳಿಬಿಟ್ಟಳು.

“ಸದ್ಯ, ಹೇಳಿದ್ರಲ್ಲ,” ಎಂದರು ಅವರು. “ಇವತ್ತೇ ಚಿಕಿತ್ಸೆ ಶುರುಮಾಡೋಣ. ಆದ್ರೆ ಅವರಿಗೂ ಗೊತ್ತಿರಬೇಕು, ನೀವೇ ಹೇಳಿ. ಆ ಪರಿವಾರನ ನಾನು ಹೊರಗೆ ಕಳಿಸ್ತೀನಿ.”

ಶಿಷ್ಯರು ಒಲ್ಲದ ಮನಸ್ಸಿನಿಂದ ಹೊರಬಿದ್ದರು. ಹೆಂಡತಿ ಮಂಚದ ಅಂಚಿನಲ್ಲಿ ಕೂತಳು.

“ರೀ, ಎದೆಯುರಿ ಮಾತ್ರೆ ನಿಮಗೆ ನಾನೇ ಹಾಕ್ತಿದ್ದೆ. ಹಣ್ಣಿನಲ್ಲಿ. ಬಯ್ಯೋದಿದ್ರೆ ಬಯ್ದುಬಿಡಿ, ನನ್ನ ಕೈಯಡುಗೆ ಬೇಡ ಅಂದ್ರೂ ಸರಿ. ಕಿಡ್ನಿ ಉಳಿದ್ರೆ ಸಾಕು.”

ಮೇಷ್ಟ್ರು ದಿಂಬು ಬಿಟ್ಟು ಎದ್ದು ಕೂತರು.

“ದಿನಕ್ಕೆ ಎಷ್ಟು?”

“ಒಂದೇ. ಸಂಜೆ.”

ಅವರು ಕತ್ತು ನಿಗುರಿಸಿ, ಬಾಗಿಲು ಪೂರ್ತಿ ಮುಚ್ಚಿದೆಯೇ ಎಂದು ನೋಡಿದರು.

“ಡಾಕ್ಟರಮ್ಮನಿಗೆ ಎರಡು ಅಂತ ಹೇಳು,” ಎಂದು ಪಿಸುಗುಟ್ಟಿದರು. “ಬೆಳಗ್ಗೆ ಒಂದು ನಾನೇ ನುಂಗ್ತಿದ್ದೆ.”