ಸಾಲು ಬಿಟ್ಟ ಳ

“ಯಾರ್ರೀ ಮೇಡಂ ಈ ಟೈಪಿಸ್ಟು, ಪುಣ್ಯಾತ್ಮ! ಒಂದು ಳಾನೂ ಸಾಲಲ್ಲಿ ಕೂತಿಲ್ಲ ನೋಡಿ,” ಎಂದು ಕಂಪ್ಯೂಟರ್ ವಿಭಾಗದವನು ನಕ್ಕ. ವಿಶ್ವವಿದ್ಯಾಲಯದ ಹಳೆಯ ಪಿಎಚ್‌ಡಿ ಪ್ರಬಂಧಗಳೆಲ್ಲ ಸ್ಕ್ಯಾನ್ ಆಗಿ ನಾಳೆಯಿಂದ ಗ್ರಂಥಾಲಯದ ಜಾಲತಾಣದಲ್ಲಿ ಓದಲು ಸಿಗಲಿದ್ದವು. ಅವನ ಬೆರಳು ಮೌಸಿನ ಮೇಲೆ, ಬಾಣದ ಗುರುತು ‘ಎಲ್ಲ ಪುಟ ತಿದ್ದು’ ಎಂಬಲ್ಲಿ ನಿಂತಿತ್ತು. “ಒಂದ್ಸಲ ಒತ್ತಿದ್ರೆ ಸಾಕು, ಎಲ್ಲಾ ತೆಪ್ಪಗೆ ಕೆಳಗಿಳಿದು ಕೂರುತ್ತೆ.”

ಗ್ರಂಥಪಾಲಕಿ ಕನ್ನಡಕ ಏರಿಸಿಕೊಂಡು ಪರದೆಗೆ ಬಗ್ಗಿದಳು. ಒಂದೊಂದು ಳವೂ ಬೇಲಿಯಾಚೆ ಇಣುಕುವ ಮಗುವಿನಂತೆ ತುದಿಗಾಲಲ್ಲಿ ನಿಂತಿತ್ತು. ಪ್ರಬಂಧಗಳ ನಡುವೆ ಬಿಡುವು ಮಾಡಿಕೊಂಡು, ಅದೇ ಟೈಪ್‌ರೈಟರಿನಲ್ಲಿ ಟೈಪ್ ಮಾಡಿ ಅಪ್ಪ ಹಾಸ್ಟೆಲಿಗೆ ಕಳಿಸುತ್ತಿದ್ದ ಕಾಗದಗಳಲ್ಲೂ ಹೀಗೇ. ‘ಪ್ರೀತಿಯ ಮಗಳೇ’ ಎಂಬಲ್ಲಿ ಳೇ ಮಾತ್ರ ಜಿಗಿದಿರುತ್ತಿತ್ತು. “ರಿಪೇರಿ ಮಾಡಿಸಬಾರದಾ ಅಪ್ಪಾ?” ಎಂದು ಅವಳು ಕೇಳಿದರೆ, “ನಿನ್ನನ್ನ ಕರೆಯೋವಾಗ ಅದಕ್ಕೂ ಕುಣಿಯೋ ಹಾಗಾಗುತ್ತೆ ಕಣೇ. ಇರಲಿ ಬಿಡು,” ಎನ್ನುತ್ತಿದ್ದ. ಆ ಕಾಗದಗಳಲ್ಲಿ ಒಂದೂ ಈಗ ಅವಳ ಬಳಿ ಉಳಿದಿರಲಿಲ್ಲ.

“ಒತ್ತಲಾ ಮೇಡಂ?”

ಅವಳು ಅವನ ಕೈಯನ್ನು ಮೌಸಿನಿಂದ ಮೆಲ್ಲಗೆ ಎತ್ತಿ ಪಕ್ಕಕ್ಕಿಟ್ಟಳು.

“ಬೇಡ. ಅದು ತಪ್ಪಲ್ಲ, ನಮ್ಮಪ್ಪ.”