ಪುಣೆಯಿಂದ ಬಂದ ಕಂಪ್ಯೂಟರ್

ಮೂರನೆಯ ಸಲವೂ ಶಿವಲಿಂಗನ ಕೆಂಪು ಕಾರು ಕೆಮ್ಮುತ್ತ, ಕರಿ ಹೊಗೆ ಉಗುಳುತ್ತ ಶೇಗಾಂವದ ಅಕೀಲನ ಗ್ಯಾರೇಜಿನ ಮುಂದೆ ನಿಂತುಬಿಟ್ಟಿತು.

೨೦೦೭ರಲ್ಲಿ ಅವನೂರು ಸೋನ್ಯಾಳಕ್ಕೆಲ್ಲ ಅಷ್ಟು ಜೋರಿನ ಗಾಡಿ ಇನ್ನೊಂದಿರಲಿಲ್ಲ. ಅದೂ ಸಾಲದೆಂದು ಶಿವಲಿಂಗ, ಕಾರಿನ ಕಂಪನಿಯವರು ಕೂಡಿಸಿದ್ದ ಎಂಜಿನ್ ಕಂಪ್ಯೂಟರನ್ನು ಕಿತ್ತು, ಪುಣೆಯಿಂದ ಬೇರೊಂದನ್ನು ತರಿಸಿ ಹಾಕಿಸಿದ್ದ. ಅಂದಿನಿಂದ ಗಾಡಿ ಚಕ್ಕಡಿಗೂ ದಾರಿ ಬಿಡುತ್ತಿತ್ತು. ಶುಕ್ರವಾರ ವಳಸಂಗಕ್ಕೆ ಹೆಣ್ಣು ನೋಡಲು ಹೋಗಬೇಕು. ಅವರ ಬಾಗಿಲಲ್ಲಿ ಹೀಗೆ ನಿಂತರೆ ಮಾನ ಮೂರಾಬಟ್ಟೆ. ಹುಡುಗಿಯ ವಿಚಾರ ಅಪ್ಪ ಬಹಳ ಹೇಳಿದ್ದ. ಶಿವಲಿಂಗ ಬಣ್ಣ, ಎತ್ತರ ಎರಡನ್ನಷ್ಟೇ ಕೇಳಿಸಿಕೊಂಡಿದ್ದ.

ಅಕೀಲ ಪ್ಲಗ್ ಬಿಚ್ಚಿ ಮೂಸಿ ನೋಡಿದ.

"ಪೆಟ್ರೋಲ್ ಭಾಳ ಕುಡ್ಯಾಕತ್ತೈತ್ರಿ. ಕಂಪ್ಯೂಟರದಾಗ ಕಡಿಮಿ ಮಾಡಬೇಕು."

ಪಾನಾ ಹಿಡಿಯುವವನಿಗೆ ಕಂಪ್ಯೂಟರ್ ಏನು ಗೊತ್ತು ಎಂದು ನಕ್ಕು ಶಿವಲಿಂಗ ಕಂಪ್ಯೂಟರ್ ಕಳಿಸಿದ್ದ ಪುಣೆಯ ಕಂಪನಿಗೆ ಫೋನ್ ಹಚ್ಚಿದ. ಅಲ್ಲಿನ ಮ್ಯಾಡಮ್ ಮರಾಠಿಯಲ್ಲಿ ಹೇಳಿದ್ದೂ ಅದನ್ನೇ: ಪೆಟ್ರೋಲ್ ಹೆಚ್ಚಾಗಿದೆ, ಕಡಿಮೆ ಮಾಡಿ. ಮರಾಠಿ, ಅದೂ ಪುಣೆಯದು, ಅಂದಮೇಲೆ ಮಾತು ಖರೆಯೇ. ಶಿವಲಿಂಗ 'ಹೋ, ಹೋ' ಎನ್ನುತ್ತ ತಲೆಯಾಡಿಸಿದ. ಅವಳು ಹೇಳಿದ ಅಂಕಿಗಳನ್ನು ಗಾಡಿಗೆ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಒತ್ತಿದವನು ಅಕೀಲನೇ.

ಎರಡು ದಿನ ಹೀಗೇ ನಡೆಯಿತು. ಅವಳು ಊರು ಕೇಳಿದಳು, ಇವನು ಹೇಳಿದ. ಹಾಗಾದರೆ ವಳಸಂಗದ ಏರಿನಲ್ಲಿ ಓಡಿಸಿ ನೋಡಿ ಎಂದಳು. ಪುಣೆಯವರಿಗೆ ನಮ್ಮ ಏರು ಸಹ ಗೊತ್ತು ನೋಡು ಎಂದು ಶಿವಲಿಂಗ ಅಕೀಲನನ್ನು ಚುಚ್ಚಿದ. ಇಷ್ಟು ಅವಸರವೇಕೆ ಎಂದು ಅವಳು ಕೇಳಿದ್ದಕ್ಕೆ ಹೆಣ್ಣು ನೋಡುವ ಸಂಗತಿಯನ್ನೂ ಬಿಚ್ಚಿದ. ಹಳ್ಳಿ ಹುಡುಗಿ, ಗಾಡಿಯ ಬಣ್ಣ ಕಂಡೇ ಬೆರಗಾಗುತ್ತಾಳೆ, ಕಂಪ್ಯೂಟರ್ ನಾನೇ ಕೂಡಿಸಿದೆ ಎಂದರಂತೂ ಮುಗಿದೇಹೋಯಿತು ಎಂದು ನಕ್ಕ. ಆ ಕಡೆಯಿಂದ ನಗು ಬರಲಿಲ್ಲ. ಏನಿದ್ದರೂ ಗುರುವಾರದೊಳಗೆ ಕೇಳಿ, ಶುಕ್ರವಾರ ನನಗೆ ರಜೆ ಎಂದಷ್ಟೇ ಹೇಳಿ ಅವಳು ಫೋನ್ ಇಟ್ಟಳು.

ಶುಕ್ರವಾರ ಕಾರು ಒಂದೆಳೆ ಹೊಗೆ ಬಿಡದೆ ವಳಸಂಗ ಮುಟ್ಟಿತು. ಶಿವಲಿಂಗ ಮೀಸೆ ತೀಡಿಕೊಂಡು ಜಮಖಾನೆಯ ಮೇಲೆ ಕುಳಿತ. ಕಂಪ್ಯೂಟರ್ ಕೂಡಿಸಿದ ತನ್ನ ಪರಾಕ್ರಮವನ್ನು ಹಿರಿಯರಿಗೆ ಬಣ್ಣಿಸಿದ. ಪುಣೆಯವರಿಗೂ ಒಂದೆರಡು ಕಲಿಸಿಕೊಟ್ಟೆ ಎಂದ. ಅಷ್ಟರಲ್ಲಿ ಹುಡುಗಿ ಮನಿಷಾ ಚಹಾ ತಂದಿಟ್ಟಳು. ಏನಾದರೂ ಕೇಳುವುದಿದ್ದರೆ ಕೇಳವ್ವ ಎಂದರು ಹಿರಿಯರು.

"ಕೇಳೂದೇನಿಲ್ರಿ. ಪುಣೇದಾಗ ಕುಂತು ಫೋನಿನ್ಯಾಗ ಇವರ ಗಾಡಿ ನಾನ ರಿಪೇರಿ ಮಾಡಿಕೊಟ್ಟೀನಿ. ಲಗ್ನ ಮಾತ್ರ ಒಲ್ಲೆ."