ಒಂದೂ ದೂರಿಲ್ಲದ ಟವರ್

ಗುಡ್ಡದ ಮೇಲಿನ ಮೊಬೈಲ್ ಟವರಿಗೆ ಎಂಥ ಬ್ಯಾಟರಿ ಬೇಕೆಂದು ತೀರ್ಮಾನಿಸಲು ಬಂದ ಎಂಜಿನಿಯರ್, ಮಿರುಗುವ ಬೂಟು ಕೆಸರಾದೀತೆಂದು ಕಾರಿನಿಂದ ಇಳಿಯಲೇ ಇಲ್ಲ. ಬಾಗಿಲು ತೆಗೆದು ಕೂತಲ್ಲೇ ಲ್ಯಾಪ್‌ಟಾಪ್ ಬಿಚ್ಚಿದ. ಗುಡ್ಡ ನೋಡದೆ ಗುಡ್ಡದ ಹಣೆಬರಹ ಬರೆಯುವ ಗಂಡಸು ಎಂದುಕೊಂಡಳು ಟವರ್ ಕಾಯುವ ಹುಲಿಗೆವ್ವ.

“ಕರೆಂಟ್ ಹೋದ್ರ ಅರ್ಧ ತಾಸಿಗೆ ಟವರ್ ಬಂದ್ ಆಗ್ತೈತ್ರಿ. ಹೋದ ವಾರ ಒಬ್ಬಾಕಿಗೆ ಹಾವು ಕಡೀತು, ಆಂಬುಲೆನ್ಸಿಗೆ ಫೋನ್ ಹತ್ತಲಿಲ್ಲ. ಸೋಲಾರ್ ಹಾಕ್ಸಿ ದೊಡ್ಡ ಬ್ಯಾಟರಿ ಇಡಸ್ರಿ.”

“ಎಷ್ಟನೇ ಕ್ಲಾಸಮ್ಮ ಓದಿದ್ದು ನೀನು?” ಅವನು ನಕ್ಕ. “ಟವರ್ ಬಂದ್ ಇರುವಾಗಲೇ ಫೋನ್ ಮಾಡಿ ಹೇಳಿದ್ರೆ ಅದು ದೂರು. ಆಮೇಲೆ ಹೇಳೋದೆಲ್ಲ ಬರೀ ಮಾತು. ಮೂರು ವರ್ಷದಲ್ಲಿ ಇಲ್ಲಿಂದ ಒಂದೂ ದೂರು ಬಂದಿಲ್ಲ. ಹಳೇ ಬ್ಯಾಟರಿಯೇ ಸಾಕು.”

ಹುಲಿಗೆವ್ವ ಟವರಿನತ್ತ ನೋಡಿದಳು. ಕರೆಂಟ್ ಹೋಗಿ ಆಗಲೇ ಮುಕ್ಕಾಲು ತಾಸಾಗಿತ್ತು.

ತೀರ್ಮಾನವನ್ನು ಮೇಲಿನವರಿಗೆ ತಿಳಿಸಲು ಅವನು ಫೋನ್ ತೆಗೆದ. ಅಲುಗಾಡಿಸಿ ನೋಡಿದ. ಕೊನೆಗೂ ಕಾರಿಳಿದು, ಫೋನನ್ನು ತಲೆಯ ಮೇಲೆತ್ತಿ ಹಿಡಿದು, ಕೆಸರು ತುಳಿಯುತ್ತ ಟವರಿಗೆ ಎರಡು ಸುತ್ತು ಬಂದ.

“ಬಂದ್ ಆಗೈತ್ರಿ ಸಾಹೇಬ್ರ,” ಎಂದಳು ಹುಲಿಗೆವ್ವ. “ಲಗೂನ ಫೋನ್ ಮಾಡಿ ದೂರು ಬರಸ್ರಿ. ಮೊದಲನೇದು ನಿಮ್ದ ಆಗಲಿ.”